ಖಾರಾ ಬನ್ನು ಉಬ್ಬುವವರೆಗೆ

ಅಪ್ಪನಿಗೆ ಸಂಜೆ ಐದಕ್ಕೆ ಕಾಫಿ ಜೊತೆ ಖಾರಾ ಬನ್ ಬೇಕು. ಬೋಂಡಾ ಕೊಟ್ಟರೂ ತಿನ್ನುತ್ತಾರೆ, ಚಕ್ಕುಲಿ ಕೊಟ್ಟರೂ ತಿನ್ನುತ್ತಾರೆ. ತಿಂದು ಕೈ ಒರೆಸಿಕೊಂಡ ಮೇಲೆ "ಒಂದು ಬನ್ ಇದ್ದಿದ್ರೆ..." ಅಂತ ಅರ್ಧಕ್ಕೆ ನಿಲ್ಲಿಸುತ್ತಾರೆ. ಮೂವತ್ತು ವರ್ಷ ನಮ್ಮ ರಸ್ತೆ ಮೂಲೆಯ ಅಯ್ಯಂಗಾರ್ ಬೇಕರಿಯಿಂದ ಪೇಪರಿನಲ್ಲಿ ಸುತ್ತಿಸಿ, ಬಿಳಿ ದಾರ ಕಟ್ಟಿಸಿಕೊಂಡು ತಂದವರು ಅವರು. ಆ ದಾರವನ್ನೂ ಎಸೆಯುತ್ತಿರಲಿಲ್ಲ. ಉಂಡೆ ಸುತ್ತಿ ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದರು.

ಕಳೆದ ದೀಪಾವಳಿಗೆ ಎಳೆದ ಆ ಬೇಕರಿಯ ಶಟರ್ ಮತ್ತೆ ಮೇಲೇಳಲಿಲ್ಲ. ಮಕ್ಕಳು ಬೇರೆ ಕೆಲಸ ಹಿಡಿದರು, ಯಜಮಾನರು ಹಾಸನದ ಕಡೆಯ ತಮ್ಮ ಊರಿಗೆ ಹೋದರು ಅಂತ ಪಕ್ಕದ ಅಂಗಡಿಯವರು ಹೇಳಿದರು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಬೆಂಗಳೂರಿನಲ್ಲಿ ಬೇರೆ ಅಯ್ಯಂಗಾರ್ ಬೇಕರಿ ಇಲ್ಲವಾ? ಬೇಕಾದಷ್ಟಿವೆ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದಾಗಿನಿಂದ ಅಯ್ಯಂಗಾರ್ ಬೇಕರಿ ಅನ್ನುವ ಬೋರ್ಡು ಇಲ್ಲದ ಬಡಾವಣೆಯೇ ಇಲ್ಲ ಅನ್ನಬಹುದು. ವಿ.ವಿ. ಪುರಂನ ವಿ.ಬಿ. ಬೇಕರಿಗೆ ಹೋದರೆ ಬನ್ ಜೊತೆ ಕಾಂಗ್ರೆಸ್ ಕಡ್ಲೆಕಾಯಿ ಅನ್ನುವ ಮಸಾಲೆ ಕಡ್ಲೆಬೀಜವನ್ನೂ ಕಟ್ಟಿಸಿಕೊಂಡು ಬರಬಹುದು. ಆದರೆ ಅಪ್ಪನ ಮಂಡಿ ಈಗ ರಸ್ತೆ ಮೂಲೆಯವರೆಗೆ ಮಾತ್ರ ನಡೆಯುತ್ತದೆ. ಆಟೋ ಹಿಡಿದು ಬನ್ ತರುವುದು ಅವರ ಪ್ರಕಾರ ದುಂದು. ಆನ್‌ಲೈನಿನಲ್ಲಿ ತರಿಸಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರಿ ಬಂದ ಬನ್ ನೋಡಿ ಅವರು ಏನೂ ಹೇಳಲಿಲ್ಲ. ಕಾಫಿ ಮಾತ್ರ ಕುಡಿದು ಎದ್ದರು.

ನಮ್ಮ ಮನೆಯಲ್ಲಿ 28 ಲೀಟರಿನ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಇತ್ತು. ಯಾರದೋ ಮದುವೆ ವಾರ್ಷಿಕೋತ್ಸವಕ್ಕೆ ಅಂತ ಬಂದು, ಒಂದು ಸಲ ಕೇಕ್ ಮಾಡಿಸಿಕೊಂಡು, ಆಮೇಲೆ ಮೂರು ವರ್ಷ ಹಪ್ಪಳದ ಡಬ್ಬಿ ಇಡುವ ಕಪಾಟಾಗಿತ್ತು. ಡಿಸೆಂಬರಿನ ಮೊದಲ ಭಾನುವಾರ ಹಪ್ಪಳ ಖಾಲಿ ಮಾಡಿ ಒರೆಸಿದೆ.

ಅಳತೆ ಹೀಗಿತ್ತು: ಮೈದಾ 300 ಗ್ರಾಂ, ಹಾಲು ನೀರು ಸೇರಿ ಸುಮಾರು 190 ಎಂಎಲ್, ಯೀಸ್ಟ್ 5 ಗ್ರಾಂ, ಸಕ್ಕರೆ 20 ಗ್ರಾಂ, ಉಪ್ಪು 5 ಗ್ರಾಂ, ಬೆಣ್ಣೆ 30 ಗ್ರಾಂ. ಒಂದು ದಪ್ಪ ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು. ಎಂಟು ಬನ್ ಆಗುತ್ತವೆ. ಮೊಟ್ಟೆ ಇಲ್ಲ. ಅಯ್ಯಂಗಾರ್ ಬೇಕರಿಯ ತಿಂಡಿ ಅಂದ ಮೇಲೆ ಆ ಪ್ರಶ್ನೆಯೇ ಬರುವುದಿಲ್ಲ. ಇದಕ್ಕಾಗಿ ಡಿಜಿಟಲ್ ತಕ್ಕಡಿಯನ್ನೂ ಕೊಂಡಿದ್ದೆ. ಅಮ್ಮ ಅದನ್ನು ಬಂಗಾರದ ಅಂಗಡಿಯ ತಕ್ಕಡಿ ನೋಡಿದ ಹಾಗೆ ನೋಡಿದರು.

ಮೊದಲ ತಪ್ಪು ಹಾಲಿನಲ್ಲಿ ಆಯಿತು. ಉಗುರುಬೆಚ್ಚಗಿರಬೇಕು ಅಂತ ಗೊತ್ತಿತ್ತು. ಆದರೆ ಕಾಫಿಗೆ ಕಾಯಿಸಿದ ಹಾಲು ಒಲೆ ಮೇಲೆ ಇತ್ತು, ಅದನ್ನೇ ಬಗ್ಗಿಸಿಕೊಂಡೆ. ಬೆರಳು ಅದ್ದಿದರೆ ಚುರುಕ್ ಅಂತು. ಜಾಸ್ತಿ ಬಿಸಿ ಇದ್ದರೆ ಬೇಗ ಉಬ್ಬೀತು ಅಂದುಕೊಂಡೆ, ನೋಡಿ ನನ್ನ ಬುದ್ಧಿ. ಯೀಸ್ಟ್ ಅಂದರೆ ಜೀವ ಇರುವ ವಸ್ತು. 40 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹಾಯಾಗಿರುತ್ತದೆ, 60 ದಾಟಿದರೆ ಸತ್ತೇ ಹೋಗುತ್ತದೆ. ಹತ್ತು ನಿಮಿಷ ಕಾದರೂ ನೊರೆ ಬರಲಿಲ್ಲ. ಬಟ್ಟಲಿನ ತಳದಲ್ಲಿ ಕಂದು ರಾಡಿ ಕೂತಿತ್ತು. ಅಲ್ಲಿಗೇ ನಿಲ್ಲಿಸಿ ಇನ್ನೊಂದು ಚಮಚ ಯೀಸ್ಟ್ ತಗೊಂಡಿದ್ದರೆ ಆಗುತ್ತಿತ್ತು. ನಾನು ಆ ರಾಡಿಯನ್ನೇ ಹಿಟ್ಟಿಗೆ ಸುರಿದು ಕಲಸಿದೆ.

ಹಿಟ್ಟು ಒಂದು ಗಂಟೆ ಆದರೂ ಅಲ್ಲಾಡಲಿಲ್ಲ. ಒಲೆಯ ಬಿಸಿಗೆ ಉಬ್ಬಬಹುದು ಅಂತ ಒಳಗೆ ಇಟ್ಟೆ. ಹೊರಗೆ ಬಂದಿದ್ದು ಎಂಟು ಕಂದು ಉಂಡೆ. ಒಂದನ್ನು ತಟ್ಟೆಗೆ ಹಾಕಿದರೆ ತಟ್ಟೆಯೇ ಸದ್ದು ಮಾಡಿತು. ಅಪ್ಪ ಕಾಫಿಯಲ್ಲಿ ಅದ್ದಿ, ಕಚ್ಚಿ, ಹಲ್ಲು ಮುಟ್ಟಿ ನೋಡಿಕೊಂಡರು. "ರಸ್ಕ್ ಚೆನ್ನಾಗಿದೆ" ಅಂದರು.

ಅಷ್ಟು ಹೊತ್ತಿಗೆ ರಾತ್ರಿ ಎಂಟು. ಅಡುಗೆಮನೆ ತುಂಬ ಮೈದಾ. ನನಗೆ ಯಾರ ಮುಖವನ್ನೂ ನೋಡಲು ಮನಸ್ಸಿರಲಿಲ್ಲ. ಅಂಥ ಹೊತ್ತಿಗೆ ನಮ್ಮನೆಯಲ್ಲಿ ಒಂದೇ ಅಡುಗೆ, ತಿಳಿಸಾರು ಅನ್ನ.

ಅದನ್ನು ಮಾಡುವಾಗ ತಕ್ಕಡಿ ನೆನಪೇ ಆಗಲಿಲ್ಲ. ಒಂದು ಹಿಡಿ ತೊಗರಿಬೇಳೆ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ, ಕುಕ್ಕರಿಗೆ. ಇನ್ನೊಂದು ಒಲೆ ಮೇಲೆ ಟೊಮೆಟೊ, ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಕಡಲೆಕಾಳಿನಷ್ಟು ಬೆಲ್ಲ, ಕರಿಬೇವು. ಹುಳಿಯ ಹಸಿ ವಾಸನೆ ಹೋಗುವವರೆಗೆ ಕುದಿಯಬೇಕು. ಆ ವಾಸನೆ ಹೋಗಿದ್ದು ಮೂಗಿಗೆ ಗೊತ್ತಾಗುತ್ತದೆ. ಆಮೇಲೆ ಸಾರಿನ ಪುಡಿ. ನಮ್ಮದು ಅಮ್ಮ ವರ್ಷಕ್ಕೆ ಎರಡು ಸಲ ಹುರಿದು ಮಾಡಿಸುವ ಪುಡಿ. ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಮೆಣಸು, ಸಾಸಿವೆ, ಕರಿಬೇವು, ಇಂಗು. ಬೇಳೆಯನ್ನು ಪೂರ್ತಿ ಹಾಕುವಂತಿಲ್ಲ. ಮೇಲಿನ ಕಟ್ಟು ಮಾತ್ರ ಬಗ್ಗಿಸಬೇಕು. ತಳದ ಬೇಳೆ ಬಿದ್ದರೆ ತಿಳಿಸಾರಿನ ತಿಳಿಯೇ ಹೋಯಿತು. ಕಟ್ಟು ಹಾಕಿದ ಮೇಲೆ ಜಾಸ್ತಿ ಕುದಿಸಬಾರದು. ಮೇಲೆ ನೊರೆ ಉಂಗುರ ಕಟ್ಟಿಕೊಂಡು ಏಳುತ್ತದೆ ನೋಡಿ, ಆಗ ಒಲೆ ಆರಿಸಬೇಕು. ತುಪ್ಪದಲ್ಲಿ ಸಾಸಿವೆ ಇಂಗಿನ ಒಗ್ಗರಣೆ ಚೊಂಯ್ ಅಂದಾಗ ನಡುಮನೆಯಲ್ಲಿದ್ದ ಅಪ್ಪ ಟಿವಿ ಸದ್ದು ಕಮ್ಮಿ ಮಾಡಿದರು. ಊಟಕ್ಕೆ ಕರೆಯುವ ಕೆಲಸವೇ ಬೀಳಲಿಲ್ಲ. ಬಿಸಿ ಅನ್ನದ ಮೇಲೆ ಸಾರು ಸುರಿದುಕೊಂಡು, ಮಾಡಿದ ಬನ್ನಿನ ವಿಷಯ ಯಾರೂ ಎತ್ತದೆ, ಎಲ್ಲರೂ ಎರಡೆರಡು ಸಲ ಬಡಿಸಿಕೊಂಡೆವು.

ಎರಡನೇ ಭಾನುವಾರ ಹಾಲನ್ನು ಒಳಮಣಿಕಟ್ಟಿನ ಮೇಲೆ ಬಿಟ್ಟು ನೋಡಿದೆ. ಮಗುವಿನ ಹಾಲಿನ ಬಾಟಲಿ ನೋಡುತ್ತೇವಲ್ಲ, ಹಾಗೆ. ಯೀಸ್ಟ್ ಏಳು ನಿಮಿಷದಲ್ಲೇ ಬಟ್ಟಲು ತುಂಬ ನೊರೆ ಬಂತು. ಗೆದ್ದೆ ಅಂದುಕೊಂಡೆ. ಹಿಟ್ಟು ಕಲಸಿ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿಗೆ ಉಪ್ಪು ಬೆರೆಸಿ, ಅದನ್ನೂ ಸೇರಿಸಿ ನಾದಿದೆ. ಐದು ನಿಮಿಷದಲ್ಲಿ ಹಿಟ್ಟು ಕೈಗೆ, ಕಲ್ಲಿಗೆ, ಬಳೆಗೆ ಅಂಟತೊಡಗಿತು. ಉಪ್ಪು ಬಿದ್ದ ಈರುಳ್ಳಿ ನೀರು ಬಿಡುತ್ತದೆ ಅಂತ ಕೋಸಂಬರಿ ಮಾಡುವ ಯಾರಿಗಾದರೂ ಗೊತ್ತು. ನನಗೂ ಗೊತ್ತು. ಬೇಕಿಂಗ್ ಅನ್ನುವ ಹೆಸರು ಕೇಳಿದ ಕೂಡಲೇ ಗೊತ್ತಿದ್ದದ್ದೆಲ್ಲ ಮರೆತಿದ್ದೆ. ಮತ್ತೆ ಮೈದಾ ಉದುರಿಸಿದೆ. ಎಷ್ಟು ಉದುರಿಸಿದೆ ಅಂತ ತಕ್ಕಡಿಗೂ ಗೊತ್ತಿಲ್ಲ.

ಮುಚ್ಚಿಟ್ಟು ಮೊಬೈಲಿನಲ್ಲಿ ಒಂದು ಗಂಟೆಗೆ ಅಲಾರಂ ಇಟ್ಟೆ. ಬಡಿಯಿತು, ತೆಗೆದೆ. ಹಿಟ್ಟು ಸ್ವಲ್ಪ ಉಬ್ಬಿತ್ತು, ಜಾಸ್ತಿ ಏನಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆ ಅಂತ ಉಂಡೆ ಕಟ್ಟಲು ಕೂತೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ದೋಸೆ ಹಿಟ್ಟಿಗೂ ಗಡಿಯಾರ ತೋರಿಸ್ತೀಯಾ?" ಅಂದರು.

ಆಗ ಕೋಪ ಬಂತು. ಬನ್ ಒಳಗೆ ಹಿಟ್ಟು ಹಿಟ್ಟಾಗಿ, ಒತ್ತಿದರೆ ಮೇಣದ ಹಾಗೆ ಬಂದ ಮೇಲೆ ಕೋಪ ಇಳಿಯಿತು. ಡಿಸೆಂಬರಿನಲ್ಲಿ ನಮ್ಮನೆ ದೋಸೆ ಹಿಟ್ಟು ಬೆಳಿಗ್ಗೆಯೊಳಗೆ ಹುಳಿ ಬರುವುದಿಲ್ಲ. ಅದಕ್ಕೆ ಅಮ್ಮ ಪಾತ್ರೆಗೆ ಹಳೆ ಶಾಲು ಸುತ್ತುತ್ತಾರೆ, ಫ್ರಿಜ್ಜಿನ ಹಿಂದಿನ ಬಿಸಿ ಜಾಗಕ್ಕೆ ತಳ್ಳುತ್ತಾರೆ. ಏಪ್ರಿಲ್ಲಿನಲ್ಲಿ ಅದೇ ಹಿಟ್ಟು ಮಧ್ಯರಾತ್ರಿಗೇ ಉಕ್ಕಿ ಕಟ್ಟೆ ತುಂಬ ಹರಿಯುತ್ತದೆ. ಯಾವತ್ತೂ ಅಲಾರಂ ಇಟ್ಟವರಲ್ಲ. ಮುಚ್ಚಳ ತೆಗೆದು ನೋಡುತ್ತಾರೆ, ಮೂಸುತ್ತಾರೆ, ಅಷ್ಟೇ. ಬನ್ನಿನ ಹಿಟ್ಟಿಗೂ ಬೇಕಾಗಿದ್ದು ಅದೇ ಶಾಲು. ನಾನು ಅದನ್ನು ಬೇರೆ ದೇಶದ ನೆಂಟರ ಹಾಗೆ ದೂರ ಕೂರಿಸಿದ್ದೆ.

ಆ ವಾರದ ನಡುವೆ ಒಂದು ಸಂಜೆ ಖಾರಾ ಬಿಸ್ಕತ್ತು ಮಾಡಿದೆ. ಯೀಸ್ಟ್ ಬೇಡದ ಕೆಲಸ ಒಂದು ಮಾಡಿ ಮರ್ಯಾದೆ ಉಳಿಸಿಕೊಳ್ಳೋಣ ಅಂತ. ಇದು ಸುಲಭ. 200 ಗ್ರಾಂ ಮೈದಾಗೆ 100 ಗ್ರಾಂ ತಣ್ಣನೆ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಿಕೊಳ್ಳುವುದು. ಒಂದು ಚಮಚ ಸಕ್ಕರೆ ಪುಡಿ, ಉಪ್ಪು, ಜೀರಿಗೆ, ಜಜ್ಜಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಸೋಡಾ. ಒಟ್ಟುಗೂಡಿಸಲು ಎರಡು ಚಮಚ ಮೊಸರು. ಸೋಡಾಕ್ಕೆ ಹುಳಿ ಬೇಕಲ್ಲ, ಮೊಸರು ಆ ಕೆಲಸವನ್ನೂ ಮಾಡುತ್ತದೆ. ನಾದಬಾರದು, ನಾದಿದರೆ ಗಟ್ಟಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಲಟ್ಟಿಸಿ, ಸ್ಟೀಲ್ ಲೋಟದ ಬಾಯಲ್ಲಿ ಕತ್ತರಿಸಿ 170 ಡಿಗ್ರಿಯಲ್ಲಿ 20 ನಿಮಿಷ. ಅಂಚು ಮಾತ್ರ ಬಣ್ಣ ತಿರುಗಬೇಕು. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿ. ಬೇಯಲಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡಿ.

ಬೇಕರಿಯದರಷ್ಟು ಪುಡಿಪುಡಿಯಾಗಿ ಬರಲಿಲ್ಲ ಅನ್ನುವುದು ನಿಜ. "ಡಾಲ್ಡಾ ಹಾಕ್ಬೇಕಿತ್ತು" ಅಂದರು ಅಪ್ಪ. ವಿಷಯ ಸರಿಯೇ. ಬೆಣ್ಣೆ ಬೇಗ ಕರಗುತ್ತದೆ, ಬಿಸ್ಕತ್ತು ಅಗಲವಾಗಿ ಹರಡುತ್ತದೆ. ಡಾಲ್ಡಾದಂಥ ವನಸ್ಪತಿ ಗಟ್ಟಿಯಾಗಿ ನಿಂತು ಆಕಾರ ಹಿಡಿಯುತ್ತದೆ, ಬಾಯಲ್ಲಿ ಪುಡಿಯಾಗುತ್ತದೆ. ಅದರಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು 2% ದಾಟಬಾರದು ಅಂತ 2022ರಿಂದ ನಿಯಮ ಇದೆ. ಆದರೂ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯನಿಗೆ ನಾನೇ ಕೈಯಾರೆ ಡಾಲ್ಡಾ ತಿನ್ನಿಸಲಾರೆ. ಬೆಣ್ಣೆಯನ್ನೂ ಡಾಕ್ಟರು ಒಪ್ಪುವುದಿಲ್ಲ ಬಿಡಿ. ದಿನಕ್ಕೆ ಎರಡೇ ಅಂತ ಎಣಿಸಿ ಡಬ್ಬಿಗೆ ಹಾಕಿಟ್ಟೆ. ಶುಕ್ರವಾರದ ಹೊತ್ತಿಗೆ ಡಬ್ಬಿ ಖಾಲಿ. ಯಾರೂ ತಿಂದಿರಲಿಲ್ಲವಂತೆ.

ಮೂರನೇ ಭಾನುವಾರ ಎಲ್ಲ ಸರಿ ಮಾಡಿದೆ. ಈರುಳ್ಳಿ, ಮೆಣಸಿನಕಾಯಿ, ಕರಿಬೇವನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಪೂರ್ತಿ ಆರಿಸಿ ಇಟ್ಟುಕೊಂಡೆ. ಹಿಟ್ಟನ್ನು ಮೊದಲು ಬರಿದೇ ಹತ್ತು ನಿಮಿಷ ನಾದಿದೆ. ಮೊದಲ ಮೂರು ನಿಮಿಷ ಅಂಟುತ್ತದೆ, ಬೈಯಬೇಕು ಅನ್ನಿಸುತ್ತದೆ. ಆಗ ಹಿಟ್ಟು ಉದುರಿಸದೆ ತಡೆದುಕೊಳ್ಳಬೇಕು. ಐದಾರು ನಿಮಿಷಕ್ಕೆ ಅಂಗೈ ಬಿಡುತ್ತದೆ. ಹತ್ತಕ್ಕೆ ಕಿವಿಯ ಹಾಲೆಯಷ್ಟು ಮೆತ್ತಗಾಗುತ್ತದೆ. ಒಂದು ಚೂರು ಹರಿದು ಎರಡೂ ಕೈಯಲ್ಲಿ ಹಿಡಿದು ಎಳೆದರೆ ಹರಿಯದೆ ತೆಳ್ಳಗೆ ಹರಡಿ, ಕಿಟಕಿಯ ಬೆಳಕು ಆಚೆಯಿಂದ ಕಾಣಬೇಕು. ನನಗೆ ನಮ್ಮ ತುಳಸಿ ಕಟ್ಟೆ ಮಸುಕಾಗಿ ಕಂಡಿತು. ಆಮೇಲೆ ಬೆಣ್ಣೆ, ಕೊನೆಗೆ ಈರುಳ್ಳಿ, ಕೊತ್ತಂಬರಿ. ಶಾಲು ಸುತ್ತಿ ಫ್ರಿಜ್ಜಿನ ಹಿಂದೆ. ಒಂದೂಮುಕ್ಕಾಲು ಗಂಟೆ ಹಿಡಿಯಿತು. ತೆಗೆದಾಗ ಪಾತ್ರೆಯ ಬಾಯಿಗೆ ಬಂದಿತ್ತು. ಎಂಟು ಉಂಡೆ ಕಟ್ಟಿ ಟ್ರೇಯಲ್ಲಿ ಒಂದಕ್ಕೊಂದು ಸ್ವಲ್ಪ ಜಾಗ ಬಿಟ್ಟು ಕೂರಿಸಿದೆ. ಮುಕ್ಕಾಲು ಗಂಟೆಯಲ್ಲಿ ಅವೂ ಉಬ್ಬಿ ಭುಜಕ್ಕೆ ಭುಜ ತಾಗಿಸಿಕೊಂಡವು. ಓಟಿಜಿ ಬಿಸಿಗೆ ಇಟ್ಟೆ.

ಕರೆಂಟ್ ಹೋಯಿತು.

ಹತ್ತು ನಿಮಿಷದಲ್ಲಿ ಬರುತ್ತೆ ಅಂದರು ಎದುರುಮನೆಯವರು. ಅರ್ಧ ಗಂಟೆ ಆಯಿತು. ಉಂಡೆಗಳು ನಿಲ್ಲುತ್ತವೆಯೇ? ಉಬ್ಬುತ್ತಲೇ ಹೋದವು. ತುದಿಯಲ್ಲಿದ್ದ ಒಂದು ನಿಟ್ಟುಸಿರು ಬಿಟ್ಟ ಹಾಗೆ ಕುಸಿಯಿತು. ಅಳು ಬರುವುದೊಂದು ಬಾಕಿ. ಅಮ್ಮ ಮಾತಾಡದೆ ಅಟ್ಟದಿಂದ ಹಳೆಯ ದೊಡ್ಡ ಅಲ್ಯೂಮಿನಿಯಂ ಕುಕ್ಕರ್ ಇಳಿಸಿದರು. ತಳಕ್ಕೆ ಎರಡು ಲೋಟ ಕಲ್ಲುಪ್ಪು, ಅದರ ಮೇಲೆ ಪಾತ್ರೆ ಇಡುವ ಸ್ಟ್ಯಾಂಡು. ಮುಚ್ಚಳದ ರಬ್ಬರ್, ವಿಶಲ್ ಎರಡೂ ತೆಗೆದಿಟ್ಟರು. ನೀರು ಹನಿಯೂ ಇಲ್ಲ. ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ನಾಲ್ಕು ಉಂಡೆ ಇದ್ದ ತಟ್ಟೆ ಇಳಿಸಿ, ಸಣ್ಣ ಉರಿಗೆ ತಂದರು. ಓಟಿಜಿ ಅನ್ನುವ ವಸ್ತು ಊರಿಗೆ ಬರುವ ಮುಂಚೆ ಅವರು ಕೇಕ್ ಮಾಡುತ್ತಿದ್ದದ್ದು ಹೀಗೇ ಅಂತೆ. ನನಗೆ ಆ ಕೇಕ್ ನೆನಪಿತ್ತು, ಕುಕ್ಕರ್ ನೆನಪಿರಲಿಲ್ಲ.

ಇಪ್ಪತ್ತೈದು ನಿಮಿಷಕ್ಕೆ ತೆಗೆದರೆ ಬುಡ ಕೆಂಪಗೆ, ತಲೆ ಬೆಳ್ಳಗೆ. ಮೇಲಿನಿಂದ ಬಿಸಿ ಇಲ್ಲವಲ್ಲ. "ಇದು ಬನ್ನೋ ಇಡ್ಲಿಯೋ?" ಅಂದರು ಅಪ್ಪ. ತಲೆಕೆಳಗು ಮಾಡಿ, ಕಾವಲಿಗೆ ಬೆಣ್ಣೆ ಸವರಿ ಒತ್ತಿ ಕೊಟ್ಟೆ. ಮೇಣದ ಬತ್ತಿ ಬೆಳಕಿನಲ್ಲಿ ಮೊದಲ ಬನ್ ಮುರಿದಾಗ ಒಳಗೆ ಎಳೆ ಎಳೆ ಕಂಡಿತು. ಹಬೆಯ ಜೊತೆ ಈರುಳ್ಳಿ ಕರಿಬೇವಿನ ಘಮ. ಯಾರೂ ಚೆನ್ನಾಗಿದೆ ಅನ್ನಲಿಲ್ಲ. ನಾಲ್ಕೂ ಖಾಲಿಯಾದವು. ಉಳಿದ ನಾಲ್ಕು ಅಷ್ಟು ಹೊತ್ತಿಗೆ ಹುಳಿ ಬಂದು ಚಪ್ಪಟೆಯಾಗಿದ್ದವು. ಅವನ್ನು ತಟ್ಟಿ ಕಾವಲಿ ಮೇಲೆ ರೊಟ್ಟಿಯ ಹಾಗೆ ಸುಟ್ಟು ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಕರೆಂಟ್ ರಾತ್ರಿ ಒಂಬತ್ತೂವರೆಗೆ ಬಂತು.

ನಾಲ್ಕನೇ ವಾರ ಒಂದೇ ಒಂದು ವಸ್ತು ಕೊಂಡೆ, ಓವನ್ನಿನ ಒಳಗೆ ನೇತುಹಾಕುವ ಥರ್ಮಾಮೀಟರ್. ನಮ್ಮ ಓಟಿಜಿಯ ಗುಂಡಿ 190 ತೋರಿಸಿದಾಗ ಒಳಗೆ 215 ಇರುತ್ತಿತ್ತು. ಮೂರು ವರ್ಷದ ಹಿಂದಿನ ಆ ಕೇಕ್ ಮೇಲೆ ಕಪ್ಪಾಗಿ ಒಳಗೆ ಹಸಿ ಇದ್ದದ್ದಕ್ಕೆ ನನ್ನ ಕೈಯನ್ನೇ ದೂರಿಕೊಂಡಿದ್ದೆ. ಗುಂಡಿಯನ್ನು 165ರ ಹತ್ತಿರ ತಿರುಗಿಸಿದರೆ ಮುಳ್ಳು 190ಕ್ಕೆ ನಿಂತಿತು. ಉಪ್ಪು ಯೀಸ್ಟಿಗೆ ತಕ್ಕಡಿ ಬೇಕು, ಬಿಸಿಗೆ ಮುಳ್ಳು ಬೇಕು. ಅದರಲ್ಲಿ ಕಣ್ಣಳತೆ ನಡೆಯುವುದಿಲ್ಲ. 5 ಗ್ರಾಂ ಉಪ್ಪು 10 ಆದರೆ ಯೀಸ್ಟ್ ಮಂಕಾಗುತ್ತದೆ, ಬನ್ ಬಾಯಿಗಿಡಲು ಆಗುವುದಿಲ್ಲ. ಹಿಟ್ಟು ಉಬ್ಬಿತೇ ಅನ್ನುವುದನ್ನು ಮಾತ್ರ ಬೆರಳಿಗೆ ಬಿಟ್ಟೆ. ಉಂಡೆಯ ಪಕ್ಕಕ್ಕೆ ಮೆಲ್ಲಗೆ ಒತ್ತಿದಾಗ ಗುಳಿ ಪಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತಿದೆ. ನಿಧಾನವಾಗಿ, ಅರ್ಧ ಮಾತ್ರ ತುಂಬಿಕೊಂಡರೆ ಒಲೆಗೆ ಹೋಗಬಹುದು. ಗುಳಿ ಹಾಗೇ ಉಳಿದರೆ, ಕರೆಂಟ್ ಹೋದ ದಿನದ ಹಾಗೆ, ಹೊತ್ತು ಮೀರಿದೆ.

ಮೇಲೆ ಹಾಲು ಸವರಿದೆ. ಕರಿಬೇವು ಹೊರಗೆ ಇಣುಕಿದರೆ ಸುಟ್ಟು ಕಹಿಯಾಗುತ್ತದೆ ಅಂತ ಒಂದೊಂದನ್ನೂ ಒಳಕ್ಕೆ ತಳ್ಳಿದೆ. ಹನ್ನೆರಡನೇ ನಿಮಿಷಕ್ಕೆ ಘಮ ಶುರುವಾಯಿತು. ಮೊದಲು ಬೆಣ್ಣೆ, ಆಮೇಲೆ ಈರುಳ್ಳಿ, ಕೊನೆಗೆ ಆ ಹಳೆ ಮೂಲೆಯ ವಾಸನೆ. ಬೇಕರಿಯವರ ಇಟ್ಟಿಗೆ ಒಲೆಯ ಸೌದೆ ಹೊಗೆ ಇದರಲ್ಲಿ ಇರಲಿಲ್ಲ, ಅದು ಬರುವುದೂ ಇಲ್ಲ. 18 ನಿಮಿಷಕ್ಕೆ ತೆಗೆದು ಒಂದನ್ನು ತಿರುಗಿಸಿ ಬುಡಕ್ಕೆ ಬೆರಳಿನಿಂದ ತಟ್ಟಿದೆ. ಒಳಗೆ ಟೊಳ್ಳಿದ್ದ ಹಾಗೆ ಡುಬ್ ಅಂತು. ಬಿಸಿ ಇರುವಾಗಲೇ ಮೇಲೆ ಬೆಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿದೆ, ಸಿಪ್ಪೆ ಮೆತ್ತಗಾಗಲಿ ಅಂತ.

ಐದಕ್ಕೆ ಹತ್ತು ನಿಮಿಷ ಇತ್ತು. ಅಪ್ಪ ಒಂದನ್ನು ಮುರಿಯದೆ, ಪೂರ್ತಿಯಾಗಿ ಎತ್ತಿಕೊಂಡು ಒತ್ತಿ ನೋಡಿದರು. ಬಿಟ್ಟಾಗ ಅದು ಮತ್ತೆ ಮೇಲೆದ್ದಿತು. ತಿಂದರು. ಎರಡನೆಯದನ್ನು ತಿನ್ನಲಿಲ್ಲ. ಎದ್ದು ಒಳಗೆ ಹೋದರು. ಡ್ರಾಯರ್ ಎಳೆದ ಸದ್ದು ಕೇಳಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಹಳೇ ಪೇಪರು, ಇನ್ನೊಂದರಲ್ಲಿ ದಾರದ ಉಂಡೆ. ಪಾರ್ಕಿನ ಬೆಂಚಿನಲ್ಲಿ ಸಂಜೆ ಕೂರುವ ಗೆಳೆಯರು ಇಬ್ಬರಿದ್ದಾರೆ. ಬೇಕರಿ ಮುಚ್ಚಿದ ಮೇಲೆ ಅವರೂ ಬರೀ ಕೈಯಲ್ಲೇ ಕೂರುತ್ತಿದ್ದರು.

"ಬಿಸಿ ಇದೆ ಅಪ್ಪ, ಈಗಲೇ ಕಟ್ಟಿದರೆ ಬೆವರುತ್ತೆ" ಅಂದೆ.

"ಅವನೂ ಬಿಸಿಯದೇ ಕಟ್ಟಿ ಕೊಡ್ತಿದ್ದ" ಅಂದು ಪೇಪರು ಮಡಚಿ, ದಾರವನ್ನು ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ಸುತ್ತಿ, ತುದಿಯನ್ನು ಬೆರಳಿಗೆ ಸಿಕ್ಕಿಸಿ ಪಟ್ ಅಂತ ಹರಿದರು.